ದಿಗಂಬರರಾಯರ ಕೊನೆಯ ವಂದನಾರ್ಪಣೆ

ಕೆಂಗುಡ್ಡಿ ಸಕ್ಕರೆ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಕಾರಕೂನರಾಗಿದ್ದ ದಿಗಂಬರರಾವ ಮನೋಳಿಕರ ಅವರು ಈ ಭೂಮಿಯ ಮೇಲೆ ಎರಡು ಕೆಲಸ ಮಾಡಿದರು. ಯಾರು ಎಷ್ಟು ಹೊತ್ತಿಗೆ ಗೇಟಿನೊಳಗೆ ಬಂದರೆಂದು ಬರೆದುಕೊಂಡದ್ದು ಒಂದು. ಅದಕ್ಕೆ ಪಗಾರ ಬಂತು. ಕಾರ್ಖಾನೆಯ ಪ್ರತಿಯೊಂದು ಸಮಾರಂಭದ ಕೊನೆಗೆ ಎದ್ದು ನಿಂತು ವಂದನಾರ್ಪಣೆ ಮಾಡಿದ್ದು ಇನ್ನೊಂದು. ಅದಕ್ಕೆ ಏನೂ ಬರಲಿಲ್ಲ. ಆದರೆ ರಾಯರನ್ನು ಕೇಳಿದರೆ ಮೊದಲನೆಯದು ಹೊಟ್ಟೆಪಾಡು, ಎರಡನೆಯದಕ್ಕಾಗಿಯೇ ದೇವರು ತನ್ನನ್ನು ಕಳಿಸಿದ್ದು.

ಈ ವರ್ಷ ಬಾಯ್ಲರಿಗೆ ಬೆಂಕಿ ಹಾಕುವ ಸಮಾರಂಭ ಬಂದಾಗ ರಾಯರ ನೌಕರಿಗೆ ಇನ್ನು ಕೆಲವೇ ದಿನ ಉಳಿದಿದ್ದವು. ತಿಂಗಳು ಮುಗಿದರೆ ನಿವೃತ್ತಿ. ಅಂದರೆ ಇದೇ ಕೊನೆಯ ವಂದನಾರ್ಪಣೆ. ಅದನ್ನು ಹೇಗೆ ಮಾಡಬೇಕೆಂದು ಅವರು ಮಳೆಗಾಲದುದ್ದಕ್ಕೂ ಬಚ್ಚಲಮನೆಯಲ್ಲಿ ತಾಲೀಮು ನಡೆಸಿದ್ದರು. ಪಕ್ಕದ ಕ್ವಾರ್ಟರ್ಸಿನವರು ತಮ್ಮ ಬಚ್ಚಲಿನಲ್ಲಿ ಮೈ ಉಜ್ಜಿಕೊಳ್ಳುತ್ತಾ ಈಗಾಗಲೇ ಏಳೆಂಟು ಬಾರಿ ಧನ್ಯವಾದ ಸ್ವೀಕರಿಸಿದ್ದರು.

ರಾಯರ ಯೋಗ್ಯತೆ ತಿಳಿಯಬೇಕಾದರೆ ಊರಿನ ಯೋಗ್ಯತೆ ತಿಳಿದಿರಬೇಕು. ಕಾರ್ಖಾನೆ ತಮ್ಮಲ್ಲಿ ಆಗಬೇಕೆಂದು ಯರಗಟ್ಟಿಯವರು ಪಟ್ಟು ಹಿಡಿದರು, ತಮ್ಮಲ್ಲಿ ಆಗಬೇಕೆಂದು ಮುರಗೋಡದವರು. ಹಿರಿಯರು ಕೂಡಿ ವಿಚಾರ ಮಾಡಿ, ಇಬ್ಬರಿಗೂ ದೂರವಾದ, ನೀರಿಲ್ಲದ, ನೆರಳಿಲ್ಲದ, ಓತಿಕ್ಯಾತ ಕೂಡ ಚಪ್ಪಲಿ ಕೇಳುವಂಥ ಒಂದು ಕೆಂಪು ಗುಡ್ಡ ಹುಡುಕಿ ‘ಇಲ್ಲೇ ಆಗಲಿ’ ಎಂದರು. ನಮಗೆ ಸಿಗದಿದ್ದರೇನು, ಅವರಿಗೂ ಸಿಗಲಿಲ್ಲವಲ್ಲ ಎಂದು ಎರಡೂ ಊರಿನವರು ಸಂತೋಷದಿಂದ ಷೇರು ಕೊಂಡರು. ಹೀಗೆ ಶುದ್ಧ ಸಹಕಾರ ತತ್ವದ ಮೇಲೆ ಕಾರ್ಖಾನೆ ಹುಟ್ಟಿತು.

ಕಾರ್ಖಾನೆಯ ಸುತ್ತ ಕ್ವಾರ್ಟರ್ಸು ಎದ್ದವು. ಗಾಳಿ ಎತ್ತಿಂದ ಎತ್ತ ಬೀಸುತ್ತದೆ ಎಂದು ಎಂಜಿನಿಯರರು ಚೆನ್ನಾಗಿ ನೋಡಿಕೊಂಡು, ಹೊಗೆ ಬಾರದ ಕಡೆ ತಮ್ಮ ಎ ಟೈಪ್ ಮನೆಗಳನ್ನು ಕಟ್ಟಿಕೊಂಡರು. ಬಿ ಟೈಪಿಗೆ ಹೊಗೆಯ ವಾಸನೆ ಮಾತ್ರ. ರಾಯರಿದ್ದ ಸಿ ಟೈಪಿಗೆ ಬೂದಿ. ಡಿ ಟೈಪಿಗೆ ಬೂದಿಯ ಜೊತೆಗೆ ಕಿಡಿ ಉಚಿತ. ಕಬ್ಬು ನುರಿಸುವ ಹಂಗಾಮು ಶುರುವಾದರೆ ಕೆಂಗುಡ್ಡಿಯಲ್ಲಿ ಬಿಳಿ ಎನ್ನುವುದು ಕೇಳಿ ತಿಳಿಯಬೇಕಾದ ಬಣ್ಣ. ಬಿಳಿ ಕುದುರೆ ಹತ್ತಿ ಮೆರವಣಿಗೆ ಹೊರಟ ಮದುಮಗ ಹಂದರದ ಮುಂದೆ ಕರಿ ಕುದುರೆಯಿಂದ ಇಳಿಯುತ್ತಿದ್ದ. ಹೆಣ್ಣಿನ ಕಡೆಯವರು ಕುದುರೆ ಬದಲಾಯಿತೆಂದು ಜಗಳ ತೆಗೆಯುತ್ತಿದ್ದರು. ಇನ್ನು ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ, ಕಾಕಂಬಿಯ ವಾಸನೆ. ಬಂದ ಬೀಗರು ಮೂಗು ಮುಚ್ಚಿಕೊಂಡೇ ಚಹಾ ಕುಡಿದು ಓಡಿ ಹೋಗುತ್ತಿದ್ದರು. ಆದರೆ ಇಲ್ಲಿ ಹುಟ್ಟಿದ ಹುಡುಗಿಯರು ಬೈಲಹೊಂಗಲದಂಥ ಊರಿಗೆ ಸೊಸೆಯಾಗಿ ಹೋದರೆ ಅವರಿಗೆ ನಿದ್ದೆಯೇ ಇಲ್ಲ. ತವರಿನಿಂದ ಯಾರಾದರೂ ಒಂದು ಬಾಟಲಿ ಕಾಕಂಬಿ ಒಯ್ದು, ಮುಚ್ಚಳ ತೆಗೆದು ತಲೆದಿಂಬಿನ ಹತ್ತಿರ ಇಟ್ಟ ಮೇಲೆಯೇ ಗೊರಕೆ.

ಮನೆತನದ ಅಡ್ಡಹೆಸರುಗಳು ಮೊದಲ ಹಂಗಾಮಿನಲ್ಲೇ ಬೂದಿಯಲ್ಲಿ ಹೂತುಹೋದವು. ಬಾಯ್ಲರ್ ಮೆಹಬೂಬಸಾಬ, ಕಬ್ಬು ತೂಗುವ ಕಾಟಾ ವೀರಪ್ಪ, ಕ್ರೇನ್ ಮುದಕಪ್ಪ ಎಂದು ಯಂತ್ರಗಳೇ ಮನೆತನಗಳಾದವು. ರಾಯರಿಗೆ ‘ವಂದನಾರ್ಪಣೆ’ ಎಂಬುದು ಅಂಟಿತು. ಅವರ ಹೆಂಡತಿ ಲೀಲಾಬಾಯಿಯವರನ್ನು ‘ವಂದನಾರ್ಪಣೆಯವರ ಮನಿಯವ್ರು’ ಎಂದು ಕರೆಯುತ್ತಿದ್ದರು. ಅದನ್ನವರು ಬೈಗುಳವೆಂದೇ ಲೆಕ್ಕ ಹಿಡಿದಿದ್ದರು.

ಈ ಪಟ್ಟ ರಾಯರಿಗೆ ಬಂದದ್ದು ಒಬ್ಬ ಲೇಬರ್ ಆಫೀಸರರ ಹೊಟ್ಟೆಯ ಕೃಪೆಯಿಂದ. ಯಾವುದೋ ವರ್ಷದ ಬಾಯ್ಲರ್ ಪೂಜೆಯಲ್ಲಿ ವಂದನಾರ್ಪಣೆ ಮಾಡಬೇಕಾಗಿದ್ದ ಆ ಮನುಷ್ಯ ಹಿಂದಿನ ದಿನದ ಮಿರ್ಚಿಭಜಿಯ ಕಾರಣದಿಂದ ತಂಬಿಗೆ ಹಿಡಿದು ಓಡಿದ. ಹತ್ತಿರ ನಿಂತಿದ್ದವರು ರಾಯರು. ಅವರನ್ನೇ ಮೈಕಿನ ಮುಂದೆ ದೂಡಿದರು. ರಾಯರ ಅಜ್ಜ ಮನೋಳಿಯಲ್ಲಿ ಪುರಾಣ ಹೇಳುತ್ತಿದ್ದರಂತೆ. ಅವರು ಈ ದಂಡೆಯಲ್ಲಿ ದನಿ ತೆಗೆದರೆ ಮಲಪ್ರಭೆಯ ಆ ದಂಡೆಯಲ್ಲಿ ಮೇಯುತ್ತಿದ್ದ ಎಮ್ಮೆಗಳು ಕಿವಿ ನಿಮಿರಿಸುತ್ತಿದ್ದವಂತೆ. ಪುರಾಣ ಅಜ್ಜನೊಂದಿಗೇ ಹೋಯಿತು, ದನಿಯೊಂದು ಮೊಮ್ಮಗನಿಗೆ ಉಳಿದಿತ್ತು. ಅಂದು ಅದು ಮೈಕಿನಲ್ಲಿ ಹೊಕ್ಕಿತು. ಹೊಕ್ಕದ್ದು ಹೊರಗೆ ಬರಲೇ ಇಲ್ಲ.

ರಾಯರ ಕೈಯಲ್ಲಿ ವಂದನಾರ್ಪಣೆ ಒಂದು ಶಾಸ್ತ್ರವಾಯಿತು. ಸ್ವಾಮಿಗಳಿಂದ ಶುರುವಾಗಿ ಅಧ್ಯಕ್ಷರು, ಉಪಾಧ್ಯಕ್ಷರು, ಮಾಜಿ ಅಧ್ಯಕ್ಷರು, ಆಗಬೇಕೆಂದು ಒದ್ದಾಡುತ್ತಿದ್ದವರು, ಪೆಂಡಾಲದವರು, ಕುರ್ಚಿಯವರು, ಹೂವಿನವರು, ಹೂವು ತರಲು ಹೋದ ಸೈಕಲ್ಲಿನವರು, ಕರೆಂಟು ತೆಗೆಯದೆ ಉಪಕಾರ ಮಾಡಿದ ಲೈನಮನ್, ಅಂದು ಸುರಿಯದೆ ನಿಂತ ಮಳೆರಾಯ, ಹೀಗೆ ಸಾಗುತ್ತಿತ್ತು. ಅವರು ವಂದನಾರ್ಪಣೆ ಶುರು ಮಾಡಿದಾಗ ನೆಟ್ಟ ಕಬ್ಬು, ಮುಗಿಸುವ ಹೊತ್ತಿಗೆ ಕಟಾವಿಗೆ ಬಂದಿರುತ್ತಿತ್ತೆಂದು ಕಾಟಾ ವೀರಪ್ಪ ಆಣೆ ಮಾಡಿ ಹೇಳುತ್ತಾನೆ. ನಡುವೆ ಒಬ್ಬ ಡೈರೆಕ್ಟರು ಸತ್ತು, ಅವರ ಮಗ ಡೈರೆಕ್ಟರಾಗಿ, ರಾಯರು ಒಂದೇ ಉಸಿರಿನಲ್ಲಿ ಇಬ್ಬರಿಗೂ ಕೃತಜ್ಞತೆ ಹೇಳಿದ್ದೂ ಉಂಟಂತೆ. ಕೊನೆಗೆ ಎದೆ ತುಂಬ ಗಾಳಿ ಎಳೆದುಕೊಂಡು, “ಎಲ್ಲರಿಗೂ ಮತ್ತೊಮ್ಮೆ, ಮಗದೊಮ್ಮೆ ಧನ್ಯವಾದಗಳನ್ನು ಹೇಳಿ ನನ್ನ ಎರಡು ಮಾತು ಮುಗಿಸುತ್ತೇನೆ” ಎನ್ನುವರು.

ಕೇಳುವವರು ಯಾರು? ಯಾರೂ ಇಲ್ಲ. ರಾಯರು ಮೈಕಿನ ಕಡೆ ಒಂದು ಹೆಜ್ಜೆ ಇಟ್ಟರೆ ಸಾಕು, ಪೆಂಡಾಲಕ್ಕೆ ಪೆಂಡಾಲವೇ ಎದ್ದು ಬೆನ್ನು ತಿರುಗಿಸಿ ಊಟದ ಪಂಕ್ತಿಯಲ್ಲಿ ಜಾಗ ಹಿಡಿಯಲು ಓಡುತ್ತಿತ್ತು. ಟವೆಲ್ಲು ಹಾಸಿ ಜಾಗ ಹಿಡಿಯುವವರು, ಚಪ್ಪಲಿ ಇಟ್ಟು ಹಿಡಿಯುವವರು, ಮಗುವನ್ನೇ ಅಡ್ಡ ಮಲಗಿಸಿ ಹಿಡಿಯುವವರು. ವೇದಿಕೆಯ ಗಣ್ಯರೂ ಹಿಂಬಾಗಿಲಿನಿಂದ ಜಾರುತ್ತಿದ್ದರು. ರಾಯರು ಇಡೀ ಆಯುಷ್ಯ ಕಂಡದ್ದು ಬೆನ್ನುಗಳನ್ನು. ಬೆವರಿದ ಬೆನ್ನು, ಬೂದಿ ಬಿದ್ದ ಬೆನ್ನು, ಬಗ್ಗಿದ ಬೆನ್ನು, ಪಕ್ಕದವನನ್ನು ಮೊಣಕೈಯಿಂದ ತಿವಿಯುವ ಬೆನ್ನು. ಬೆನ್ನು ನೋಡಿ ಇಲಾಖೆ ಹೇಳುವಷ್ಟು ಪಳಗಿದ್ದರು. ಇದರಿಂದ ಅವರಿಗೆ ಬೇಸರವಾಗುತ್ತಿತ್ತೆಂದು ತಿಳಿಯಬೇಡಿ. ಕೇಳುವವರಿಲ್ಲದಿದ್ದರೆ ತಪ್ಪು ಹಿಡಿಯುವವರೂ ಇಲ್ಲ. ಇಂಥ ಸುಖವಾದ ಭಾಷಣ ಭರತಖಂಡದಲ್ಲಿ ಇನ್ನಾರಿಗೂ ಸಿಕ್ಕಿರಲಿಕ್ಕಿಲ್ಲ.

ಕಾಲ ಹೋಯಿತು. ಅಧ್ಯಕ್ಷರ ಮೇಲೆ ಅಧ್ಯಕ್ಷರು ಬಂದರು. ಪ್ರತಿಯೊಬ್ಬರೂ ಹಿಂದಿನವರು ಕಾರ್ಖಾನೆಯನ್ನು ತಿಂದರೆಂದು ಸಾಬೀತು ಮಾಡಿ ತೋರಿಸಿ, ಉಳಿದದ್ದನ್ನು ತಾವು ಮುಗಿಸಿದರು. ಎರಡು ಹಂಗಾಮು ಕಾರ್ಖಾನೆ ಮುಚ್ಚಿ, ಚಿಮಣಿಯಲ್ಲಿ ಪಾರಿವಾಳಗಳು ಸಂಸಾರ ಹೂಡಿದವು. ಆಮೇಲೆ ಹೊರಗಿನ ಒಂದು ಕಂಪನಿ ಕಾರ್ಖಾನೆಯನ್ನು ಲೀಸಿಗೆ ಹಿಡಿಯಿತು. ಆ ಕಂಪನಿಯ ಹೆಸರು ಎಷ್ಟು ಉದ್ದವೆಂದರೆ ಬೋರ್ಡಿನ ಆರಂಭ ಗೇಟಿನ ಮೇಲೆ, ಅಂತ್ಯ ಮುದಕಪ್ಪನ ಹಿತ್ತಲಿನ ಗೋಡೆಯ ಮೇಲೆ. ಸಕ್ಕರೆ ಎಂಬ ಶಬ್ದ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಈಗ ಇಥೆನಾಲು, ಕರೆಂಟು ಇವೇ ಮುಖ್ಯ ಬೆಳೆ, ಸಕ್ಕರೆ ಬಂದರೆ ಬರಲಿ ಎಂಬ ಧೋರಣೆ. ಕಂಪನಿಯ ಜೊತೆಗೆ ಅಜಿತ ಎಂಬ ಎಚ್.ಆರ್. ಮ್ಯಾನೇಜರ್ ಬಂದ. ಧಾರವಾಡದಲ್ಲಿ ಓದಿದ ಹುಡುಗ, ಇಸ್ತ್ರಿ ಮುರಿಯದ ಅಂಗಿ. ಬೂದಿ ಬೀಳುವ ಊರಿನಲ್ಲಿ ಬಿಳಿ ಅಂಗಿ ಹಾಕುವಷ್ಟು ಆತ್ಮವಿಶ್ವಾಸ.

ಸುದ್ದಿ ತಂದವನು ಮೆಹಬೂಬಸಾಬ. ರಾಯರ ವಾರಿಗೆಯವನೇ, ನಿವೃತ್ತನಾದ ಮೇಲೂ ಬಾಯ್ಲರು ಅವನ ಮಾತನ್ನಷ್ಟೇ ಕೇಳುತ್ತದೆಂದು ಗುತ್ತಿಗೆಯ ಮೇಲೆ ಇಟ್ಟುಕೊಂಡಿದ್ದರು. ಟೈಮ್ ಆಫೀಸಿನ ಕಿಟಕಿಯಲ್ಲಿ ತಲೆ ತೂರಿಸಿ ಕೇಳಿದ.

“ರಾವಸಾಬ್ರ, ಆಮಂತ್ರಣ ನೋಡಿದ್ರಿ?”

“ಇಲ್ಲ. ಏನದ ಅದರಾಗ?”

“ಏನೈತಿ ಅನ್ನೂದ ಬಿಡ್ರಿ, ಏನಿಲ್ಲ ಅನ್ನೂದ ಕೇಳ್ರಿ. ಸ್ವಾಗತ ಐತಿ, ದೀಪ ಐತಿ, ವಿಡಿಯೋ ಐತಿ, ಮ್ಯಾಲೆ ಹಾರೂ ಕ್ಯಾಮೆರಾ ಐತಿ. ನೀವ ಇಲ್ಲ.”

“ಛಾಪಿಸೂದ್ರಾಗ ತಪ್ಪಿರ್ತದ.”

“ತಪ್ಪಿಲ್ರಿ. ವಂದನಾರ್ಪಣಾ ತಗದಾರಂತ ಕ್ಯಾಂಟೀನದಾಗ ಮಂದಿ ಪೇಡೆ ಹಂಚಾಕ ಹತ್ಯಾರ. ನನಗೂ ಒಂದ ಕೊಟ್ರು. ಚೊಲೋ ಇತ್ತು.”

ರಾಯರು ಅಂದೇ ಅಜಿತನ ಕೋಣೆಗೆ ಹೋದರು. ಕುಳಿತುಕೊಳ್ಳಿ ಎನ್ನುವ ಮೊದಲೇ ಕುಳಿತರು.

“ಸರ್, ಟೈಮ್ ಇಲ್ರಿ,” ಎಂದ ಅಜಿತ. “ಎಂ.ಡಿ. ಸಾಹೇಬರಿಗೆ ಸಂಜಿಗೆ ಬೆಳಗಾವ್ಯಾಗ ವಿಮಾನ ಐತ್ರಿ. ಹುಬ್ಬಳ್ಳಿಯಿಂದ ಆ್ಯಂಕರ್ ಬರ್ತಾರ. ಕಡೀಕ ಅವರ ಎಲ್ಲಾರಿಗೂ ಥ್ಯಾಂಕ್ಯೂ ಅಂತಾರ.”

“ಎಲ್ಲಾರಿಗೂ ಅಂದ್ರ ಯಾರಿಗೂ ಅಲ್ಲ, ಅಜಿತ. ಪೆಂಡಾಲದವಗ ಬ್ಯಾರೆ ಹೇಳಬೇಕು, ಕುರ್ಚಿಯವಗ ಬ್ಯಾರೆ ಹೇಳಬೇಕು. ಎರಡೂ ಒಬ್ಬಾಂವಂದ ಇದ್ರ ಅವಗ ಎರಡ ಸರ್ತೆ ಹೇಳಬೇಕು. ಇದೆಲ್ಲಾ ನಿಮ್ಮ ಕಾಲೇಜಿನ್ಯಾಗ ಕಲಸೂದಿಲ್ಲ?”

“ಇಲ್ರಿ.”

“ನಂದು ಇದು ಕೊನೀದು. ಎರಡ ನಿಮಿಷ ಕೊಡು, ಸಾಕು.”

“ನಿಮ್ಮ ಎರಡ ನಿಮಿಷ ನನಗ ಗೊತ್ತೈತ್ರಿ ಸರ್. ಹ್ವಾದ ವರ್ಷ ನೀವು ಎರಡ ನಿಮಿಷ ಅಂದಾಗ ನಾ ಬೈಲಹೊಂಗಲಕ್ಕ ಹೋಗಿ ಕಟಿಂಗ್ ಮಾಡಿಸ್ಕೊಂಡ ಬಂದ್ನಿ. ಬಂದಾಗ ನೀವಿನ್ನೂ ಉಪಾಧ್ಯಕ್ಷರ ಹತ್ರನ ಇದ್ರಿ.”

ಮನೆಗೆ ಬಂದು ರಾಯರು ಕೋಟು ಕಳಚಿ ಗೂಟಕ್ಕೆ ಹಾಕಿದರು. ಹಾಕಿದ ರೀತಿಯಲ್ಲೇ ಲೀಲಾಬಾಯಿಯವರಿಗೆ ವಿಷಯ ತಿಳಿಯಿತು.

“ಬ್ಯಾಡ ಅಂದ್ರ?”

“ಅಂದ್ರು.”

“ಅಂದ್ರ ಏನಾತೀಗ? ಬಚ್ಚಲದಾಗ ಮಾಡ್ರಿ. ಬಕೀಟು ಕೇಳ್ತದ, ತಂಬಿಗಿ ಕೇಳ್ತದ. ಅವಕ್ಕ ಕಾಲಿಲ್ಲ, ಎದ್ದು ಓಡಿ ಹೋಗೂದಿಲ್ಲ.”

“ಲೀಲಾ, ನೀ ಸುಮ್ನಿರು. ಒಬ್ಬ ಮನುಷ್ಯಾ ಇಡೀ ಜನ್ಮ ಒಂದು ಕೆಲಸ ಮಾಡ್ಯಾನ, ಕಡೀ ಸಲ ಅದನ್ನ ಮಾಡಿ ಮುಗಸಬಾರದ?”

“ಮುಗಸ್ರಿ ಅಂತನ ನಾನೂ ಹೇಳ್ಲಿಕ್ಕೆ ಹತ್ತೇನಿ, ಲಗ್ನ ಆದಾಗಿಂದ.”

ರಾಯರು ಆ ರಾತ್ರಿ ಊಟದಲ್ಲಿ ಮೊಸರನ್ನ ಎರಡನೆಯ ಸಲ ಹಾಕಿಸಿಕೊಳ್ಳಲಿಲ್ಲ. ಲೀಲಾಬಾಯಿ ಇದನ್ನು ಗಮನಿಸಿದರು. ಸಮಾರಂಭಕ್ಕೆ ಅದುವರೆಗೆ ಒಮ್ಮೆಯೂ ಹೋಗದಿದ್ದವರು ಈ ಬಾರಿ ತಾವೂ ಬರುವುದಾಗಿ ಹೇಳಿ ಇಳಕಲ್ ಸೀರೆ ತೆಗೆದಿಟ್ಟರು.

ಸಮಾರಂಭದ ದಿನ ಕಾರ್ಖಾನೆಯ ಅಂಗಳದಲ್ಲಿ ಇಂದ್ರನಿಗೂ ಬಾಡಿಗೆ ಕೊಡಲಾಗದಂಥ ಪೆಂಡಾಲ. ಬಾಯ್ಲರಿಗೆ ಬೆಂಕಿ ಹಾಕುವ ವಿಧಿ ಮೊದಲಿನಂತೆಯೇ ನಡೆಯಿತು. ಬೆಳ್ಳಿ ತಟ್ಟೆಯಲ್ಲಿ ಕರ್ಪೂರ ಹಚ್ಚಿ ಸ್ವಾಮಿಗಳೂ ಎಂ.ಡಿ. ಸಾಹೇಬರೂ ಬಾಯ್ಲರಿನ ಬಾಯಿಗೆ ಹಿಡಿದರು, ಫೋಟೋ ತೆಗೆದರು, ಚಪ್ಪಾಳೆ ಬಿದ್ದಿತು, ಬೆಂಕಿ ಆರಿತು. ಎಲ್ಲರೂ ಇತ್ತ ತಿರುಗಿದ ಮೇಲೆ ಮೆಹಬೂಬಸಾಬ ಬಿಸ್ಮಿಲ್ಲಾ ಅಂದು ಡೀಸೆಲಿನಲ್ಲಿ ಅದ್ದಿದ ಚಿಂದಿಯೊಂದನ್ನು ಒಳಗೆ ಒಗೆದ. ಕಾರ್ಖಾನೆ ಹುಟ್ಟಿದಾಗಿನಿಂದ ಅಲ್ಲಿ ಕಬ್ಬು ನುರಿದದ್ದೆಲ್ಲ ಆ ಚಿಂದಿಯ ಬೆಂಕಿಯಿಂದ.

ಭಾಷಣಗಳು ಆದವು. ಹಾರುವ ಕ್ಯಾಮೆರಾ ಸ್ವಾಮಿಗಳ ಪೇಟವನ್ನು ಸವರಿಕೊಂಡು ಹೋಯಿತು. ರಾಯರು ತಮ್ಮ ಕರಿ ಕೋಟು ತೊಟ್ಟು ಕೊನೆಯ ಸಾಲಿನಲ್ಲಿ ಲೀಲಾಬಾಯಿಯವರ ಪಕ್ಕ ಕೈಕಟ್ಟಿ ಕುಳಿತಿದ್ದರು. ಗಂಟಲು ತಾನಾಗಿಯೇ ಕೆಮ್ಮಿ ಸಿದ್ಧವಾಗುತ್ತಿತ್ತು, ಅವರು ಅದನ್ನು ನುಂಗುತ್ತಿದ್ದರು. ಕೊನೆಗೆ ಆ್ಯಂಕರ್ ಹುಡುಗಿ ಮುಗುಳ್ನಕ್ಕು, “ಥ್ಯಾಂಕ್ಯೂ ಸೋ ಮಚ್, ಎಲ್ಲರಿಗೂ ಹ್ಯಾವ್ ಎ ಗ್ರೇಟ್ ಡೇ!” ಎಂದಳು.

ಜನ ಚಪ್ಪಾಳೆ ತಟ್ಟಿದರು. ತಟ್ಟಿ, ಕುಳಿತೇ ಇದ್ದರು.

ಹುಡುಗಿ ಇನ್ನೊಮ್ಮೆ ಅದನ್ನೇ ಹೇಳಿದಳು. ಜನ ಇನ್ನಷ್ಟು ಜೋರಾಗಿ ಚಪ್ಪಾಳೆ ತಟ್ಟಿದರು. ಒಬ್ಬನೂ ಏಳಲಿಲ್ಲ. ಏಳಬಾರದೆಂದೇನೂ ಅಲ್ಲ. ರಾಯರು ಮೈಕಿಗೆ ಬಂದಾಗ ಏಳುವುದು ಅವರಿಗೆ ತಾಯಿಯ ಹಾಲಿನೊಂದಿಗೆ ಬಂದ ವಿದ್ಯೆ. ಬೇರೆ ರೀತಿ ಏಳುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ.

“ಏಳೂದೇನು?” ಎಂದು ಪಿಸುಗುಟ್ಟಿದ ಮುದಕಪ್ಪ.

“ರಾಯರ ಎದ್ದಿಲ್ಲ, ನೀ ಹೆಂಗ ಏಳತಿ? ಕುಂಡ್ರು,” ಎಂದ ವೀರಪ್ಪ. “ಇನ್ನೂ ಏನರ ಇರಬೇಕು.”

ಎಂ.ಡಿ. ಸಾಹೇಬರು ಇದನ್ನು ತಮ್ಮ ಮೇಲಿನ ಪ್ರೀತಿಯೆಂದು ತಿಳಿದರು. ‘ನಮ್ಮ ಕಡೆ ಭಾಷಣ ಮುಗಿಯುವ ಮೊದಲೇ ಜನ ಏಳುತ್ತಾರೆ, ಇಲ್ಲಿ ನೋಡಿ, ಮುಗಿದರೂ ಏಳಲೊಲ್ಲರು’ ಎಂದು ಸ್ವಾಮಿಗಳ ಕಿವಿಯಲ್ಲಿ ಹೇಳಿ, ಮತ್ತೆ ಮೈಕು ಹಿಡಿದು ಇಥೆನಾಲಿನ ಭವಿಷ್ಯದ ಬಗ್ಗೆ ಮಾತಾಡಿದರು. ಜನ ಚಪ್ಪಾಳೆ ತಟ್ಟಿ ಕುಳಿತರು. ನಾವೆಲ್ಲ ಒಂದೇ ಕುಟುಂಬ ಎಂಬ ವಿಷಯ ತೆಗೆದುಕೊಂಡು ಮೂರನೆಯ ಸಲ ಮಾತಾಡಿದರು. ಈ ಸಲದ ಚಪ್ಪಾಳೆಯಲ್ಲಿ ಹಸಿವಿನ ದನಿಯಿತ್ತು. ಸ್ವಾಮಿಗಳು ಕಣ್ಣು ಮುಚ್ಚಿದ್ದರು. ಅದು ಧ್ಯಾನವೋ ಮೂರ್ಛೆಯೋ ಶಿಷ್ಯರಿಗೂ ತಿಳಿಯಲಿಲ್ಲ.

ಊಟ ಬಡಿಸಿದರೆ ವಾಸನೆಗಾದರೂ ಎದ್ದಾರೆಂದು ಅಜಿತ ಗೋದಾಮಿನ ಹಿಂದಿನ ಅಡುಗೆ ಚಪ್ಪರಕ್ಕೆ ಓಡಿದ. ಅಲ್ಲಿ ಗೋಧಿ ಹುಗ್ಗಿಯ ಹಂಡೆಗಳು ಮುಚ್ಚಿಕೊಂಡು ಕುಳಿತಿದ್ದವು. ಸಕ್ಕರೆ ಕಾರ್ಖಾನೆಯ ಊಟದ ಸಿಹಿಗೆ ಹೊರಗಿನಿಂದ ಬೆಲ್ಲ ತರಿಸುತ್ತಾರೆ. ಸಕ್ಕರೆ ಮಾಡುವುದನ್ನು ಕಣ್ಣಾರೆ ನೋಡಿದವರಲ್ಲವೇ, ಅದನ್ನು ತಿನ್ನುವ ಧೈರ್ಯ ಯಾರಿಗೂ ಇಲ್ಲ. ಹಂಡೆಗಳ ಮುಂದೆ ಹಿರಿಯ ಅಡುಗೆಯವ ಲಗಮಣ್ಣ ಸೌಟು ಹಿಡಿದು ಕಾವಲುಗಾರನಂತೆ ನಿಂತಿದ್ದ. ಅವನ ಮುಂದೆ ಕಾಯಿಸಿದ ತುಪ್ಪದ ಕೊಳಗ.

“ಇನ್ನೂ ಯಾಕ ಬಡಸವಲ್ರಿ?” ಎಂದ ಅಜಿತ.

“ವಂದನಾರ್ಪಣಾ ಆಗಿಲ್ಲಲ್ರಿ.”

“ಅದು ಈ ವರ್ಷ ಇಲ್ಲ.”

“ಇಲ್ಲ ಅಂದ್ರ ಊಟನೂ ಇಲ್ಲೇನ್ರಿ?”

ಆಗ ಅಜಿತನಿಗೆ ಕಾರ್ಖಾನೆಯ ಒಂದು ಪದ್ಧತಿ ತಿಳಿಯಿತು. ಬಹಳ ಹಿಂದೆ ಒಬ್ಬ ಅಧ್ಯಕ್ಷರ ಭಾಷಣದ ನಡುವೆಯೇ ಹಂಡೆಯ ಮುಚ್ಚಳ ತೆರೆದು, ಘಮಘಮ ಹರಡಿ, ಪೆಂಡಾಲವೆಲ್ಲ ಖಾಲಿಯಾಗಿ, ಅಧ್ಯಕ್ಷರು ಒಂದು ನಾಯಿಗೆ ಸಹಕಾರ ಚಳವಳಿಯ ಇತಿಹಾಸ ಹೇಳಬೇಕಾಯಿತು. ಸಿಟ್ಟಿಗೆದ್ದ ಅವರು, ಇನ್ನು ಮೇಲೆ ವಂದನಾರ್ಪಣೆಯ ಕಡೆಯ ಮಾತು ಕಿವಿಗೆ ಬೀಳದೆ ತುಪ್ಪ ಸುರಿಯಬಾರದು, ಮುಚ್ಚಳ ತೆಗೆಯಬಾರದು ಎಂದು ಅಪ್ಪಣೆ ಮಾಡಿದರು. ಅಪ್ಪಣೆ ಮಾಡಿದವರು ಸತ್ತರು. ಅವರ ಪ್ಯಾನೆಲ್ ಸತ್ತಿತು. ಸಹಕಾರಿ ಸಂಘವೇ ಸತ್ತಿತು. ಅಪ್ಪಣೆ ಮಾತ್ರ ಲಗಮಣ್ಣನ ಅಪ್ಪನಿಂದ ಲಗಮಣ್ಣನಿಗೆ ಬಂದು ಗಟ್ಟಿಮುಟ್ಟಾಗಿ ಉಳಿದಿತ್ತು.

“ನಾ ಮ್ಯಾನೇಜರ್ ಅದೇನಿ. ನಾ ಹೇಳ್ತೇನಿ, ಕೇಳಿಸ್ಕೋರಿ. ಧನ್ಯವಾದ! ಆತಲ್ಲ? ಬಡಸ್ರಿ.”

ಲಗಮಣ್ಣ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. “ಸಾಹೇಬ್ರ, ಹಿಂದಕೊಮ್ಮೆ ನಮ್ಮಪ್ಪ ಅವಸರ ಮಾಡಿ ಕಡೀ ಮಾತಿಗಿಂತ ಮೊದಲ ತುಪ್ಪ ಸುರದಿದ್ದ. ಆ ವರ್ಷ ಬಾಯ್ಲರಿನ ಟ್ಯೂಬ್ ಒಡದು ಹಂಗಾಮ ಹಾಳಾತು. ಟ್ಯೂಬ್ ಹಳೇವಿದ್ವು ಅಂತ ಎಂಜಿನಿಯರ್ ಅಂದ್ರು. ಅವರೇನ ಬಲ್ಲರು? ಅದು ರಾಯರ ಬಾಯಾಗಿಂದ, ಮೈಕಿನ್ಯಾಗಿಂದ, ಭೋಂಗಾದಾಗಿಂದ ಬರಬೇಕು. ನೀವು ಬೇಕಾದ್ರ ನನ್ನ ಕೆಲಸದಾಗಿಂದ ತಗೀರಿ. ತಗದ ಮ್ಯಾಲೂ ನಾ ಮುಚ್ಚಳಾ ತಗಿಯಂಗಿಲ್ಲ.”

ಅಜಿತ ಪೆಂಡಾಲಕ್ಕೆ ಮರಳಿ ಓಡಿ ಬಂದು ಕೊನೆಯ ಸಾಲಿನಲ್ಲಿ ರಾಯರ ಮುಂದೆ ಕುಕ್ಕರುಗಾಲಲ್ಲಿ ಕುಳಿತ. ಅಂಗಿಯ ಇಸ್ತ್ರಿ ಅಲ್ಲಿ ಮುರಿಯಿತು.

“ಸರ್, ಬರ್ರಿ. ವಂದನಾರ್ಪಣಾ ಮಾಡ್ರಿ.”

“ಟೈಮ್ ಇಲ್ಲಲ್ಲೋ,” ಎಂದರು ರಾಯರು, ಪೆಂಡಾಲದ ಬಟ್ಟೆ ನೋಡುತ್ತಾ. “ವಿಮಾನ ಅದ.”

“ವಿಮಾನ ಹೋಗ್ಲಿ ಅತ್ಲಾಗ್ರಿ. ಎಂ.ಡಿ. ಸಾಹೇಬರಿಗೆ ಸಕ್ಕರಿ ರೋಗ ಐತ್ರಿ. ಟೈಮಿಗೆ ಉಣ್ಣದಿದ್ರ ಕಣ್ಣಿಗೆ ಕತ್ತಲಿ ಬರ್ತೈತಿ. ಆಗ್ಲೇ ಸ್ವಾಮಿಗಳನ್ನ ನನ್ನ ಹೆಸರು ಹಿಡದು ಕರದ್ರು. ನಿಮಗ ಕೈ ಮುಗೀತೇನಿ.”

ರಾಯರು ಕೋಟಿನ ಗುಂಡಿ ಹಾಕಿಕೊಂಡು ಎದ್ದರು. ಅವರು ಎದ್ದದ್ದೇ ತಡ, ಇಡೀ ಪೆಂಡಾಲಕ್ಕೆ ಜೀವ ಬಂದು, ಜನ ಚಪ್ಪಲಿ ಹುಡುಕುತ್ತಾ ಏಳತೊಡಗಿದರು. ಎಂ.ಡಿ. ಸಾಹೇಬರ ಮುಂದೆ ಗದ್ದಲವಾದರೆ ತನ್ನ ನೌಕರಿಗೆ ಕುತ್ತು ಎಂದು ಹೆದರಿದ ಅಜಿತ ರಾಯರಿಗಿಂತ ಮೊದಲೇ ಮೈಕಿಗೆ ಹಾರಿ ಕೂಗಿದ: “ಯಾರೂ ಏಳಬ್ಯಾಡ್ರಿ! ಎಲ್ಲಾರೂ ಕುಂತ್ಕೋರಿ! ಹಿರೇರ ಕಡೀ ಮಾತು, ಶಾಂತ ರೀತಿಯಿಂದ ಪೂರ್ತಿ ಕೇಳ್ರಿ!”

ಜನ ಕುಳಿತರು. ಹುಗ್ಗಿ ಈ ಮನುಷ್ಯನ ಬಾಯಲ್ಲಿದೆ ಎಂಬ ಸುದ್ದಿ ಅಷ್ಟರಲ್ಲಿ ಅಡುಗೆಮನೆಯಿಂದ ಹಬ್ಬಿತ್ತು. ಪಿಸುಮಾತು ನಿಂತಿತು. ಕಾರ್ಖಾನೆಯ ಇತಿಹಾಸದಲ್ಲಿ ಯಾವ ಮಂತ್ರಿಗೂ ಸಿಗದ ಮೌನ ರಾಯರಿಗೆ ಸಿಕ್ಕಿತು. ಅವರು ಎದೆ ತುಂಬ ಗಾಳಿ ಎಳೆದುಕೊಂಡು ತಲೆ ಎತ್ತಿದರು.

ಮುಖಗಳು.

ಎದುರಿಗೆ ಸಾವಿರಾರು ಮುಖಗಳು, ಅವುಗಳಲ್ಲಿ ಎರಡರಷ್ಟು ಕಣ್ಣು, ಎಲ್ಲವೂ ಅವರ ತುಟಿಗಳ ಮೇಲೆ. ಬೆನ್ನು ನೋಡಿ ಗುರುತು ಹಿಡಿಯುತ್ತಿದ್ದವರಲ್ಲಿ ಅರ್ಧ ಮಂದಿಯ ಮುಖ ಅವರಿಗೆ ಗುರುತೇ ಸಿಗಲಿಲ್ಲ. ಮುದಕಪ್ಪನಿಗೆ ಮೀಸೆಯಿರುವುದು ಅಂದೇ ತಿಳಿಯಿತು. ರಾಯರ ನಾಲಿಗೆ ಒಣಗಿ ಬೂಟಿನ ಅಟ್ಟೆಯಂತಾಯಿತು. “ಸ್ವಾ...” ಎಂದರು. ಮುಂದೆ ‘ಮಿಗಳು’ ಬರಲಿಲ್ಲ. ಮಳೆಗಾಲದುದ್ದಕ್ಕೂ ತಾಲೀಮು ಮಾಡಿದ ಹೆಸರುಗಳೆಲ್ಲ ಬಚ್ಚಲಿನ ನೀರಿನೊಂದಿಗೆ ಮೋರಿ ಸೇರಿದ್ದವು. “ಸ್ವಾ...” ಎಂದರು ಮತ್ತೊಮ್ಮೆ. ಮೊಣಕಾಲು ನಡುಗುವ ಸದ್ದನ್ನು ಮೈಕು ಹಿಡಿದು ಊರಿಗೆಲ್ಲ ಕೇಳಿಸಿತು. ಟ್ರ್ಯಾಕ್ಟರು ಶುರುವಾಯಿತೆಂದು ಡಿ ಟೈಪಿನ ಮಂದಿ ಹೊರಗೆ ಬಂದು ನೋಡಿದರಂತೆ.

“ರಾಯರ, ಬರೇ ಕಡೀ ಮಾತು ಹೇಳ್ರಿ ಸಾಕು!” ಎಂದು ಯಾರೋ ಕೂಗಿದರು.

ರಾಯರಿಗೆ ಅದೂ ಆಗಲಿಲ್ಲ. ಅವರು ಮೈಕನ್ನು ಎರಡೂ ಕೈಯಿಂದ ಹಿಡಿದುಕೊಂಡು, ಮುಳುಗುವವನು ಹಗ್ಗ ಕೇಳುವ ದನಿಯಲ್ಲಿ ಹೇಳಿದರು: “ದಯಮಾಡಿ... ಎಲ್ಲಾರೂ ಎದ್ದು... ಅತ್ತ ತಿರಗ್ರಿ.”

ಜನ ಮುಖ ಮುಖ ನೋಡಿಕೊಂಡರು.

“ಏನಂದ್ರು?”

“ಬೆನ್ನು ಮಾಡ್ರಿ ಅಂದ್ರಲೇ. ಮಾಡ್ರಿ, ಮಾಡ್ರಿ! ಇಲ್ಲಂದ್ರ ಉಪವಾಸ!” ಎಂದು ವೀರಪ್ಪ ಎದ್ದು ಮೊದಲು ತಿರುಗಿದ. ಪೆಂಡಾಲವೆಲ್ಲ ಎದ್ದು ಅವನ ಹಿಂದೆ ತಿರುಗಿತು. ಅಜಿತ ವೇದಿಕೆಯ ಗಣ್ಯರಿಗೆ ಏನೋ ಬಿನ್ನಹ ಮಾಡಿಕೊಂಡ. ಸ್ವಾಮಿಗಳೂ ಎಂ.ಡಿ. ಸಾಹೇಬರೂ ಕುರ್ಚಿ ಸಮೇತ ವೇದಿಕೆಯ ಹಿಂದಿನ ಗೋಡೆಯ ಕಡೆ ತಿರುಗಿ ಕುಳಿತರು. ಹಾರುವ ಕ್ಯಾಮೆರಾವನ್ನೂ ಇಳಿಸಿ ಮಗ್ಗುಲಾಗಿ ಮಲಗಿಸಿದರು.

ಬೆನ್ನುಗಳನ್ನು ಕಂಡದ್ದೇ ರಾಯರ ಗಂಟಲು ತೆರೆಯಿತು. ಒಡ್ಡು ಒಡೆದ ಕೆರೆ ಅದರ ಮುಂದೆ ಹನಿ ನೀರು. ಸ್ವಾಮಿಗಳಿಂದ ಹಿಡಿದು ಕುರ್ಚಿಯವನವರೆಗೆ, ಪೆಂಡಾಲದ ಗೂಟದಿಂದ ಹಿಡಿದು ಗೂಟ ಬಡಿದ ಕಲ್ಲಿನವರೆಗೆ ಯಾರನ್ನೂ ಬಿಡಲಿಲ್ಲ. ಆದರೆ ಕೊನೆಗೆ ಬಂದಾಗ ರಾಯರಿಗೆ ಒಂದು ವಿಷಯ ಹೊಳೆಯಿತು. ಆ ಕಡೆಯ ವಾಕ್ಯ ಹೇಳಿದರೆ ಮುಗಿಯಿತು. ಇನ್ನು ಮೈಕಿಲ್ಲ, ಬೆನ್ನಿಲ್ಲ, ದಿಗಂಬರರಾವ ಮನೋಳಿಕರ ಎಂಬ ಮನುಷ್ಯನಿಗೆ ಬಕೀಟು, ತಂಬಿಗೆಯೇ ಗತಿ. ಅವರು ಆ ವಾಕ್ಯದ ಹೊಸ್ತಿಲಿನವರೆಗೆ ಹೋಗಿ, “ಎಲ್ಲರಿಗೂ ಮತ್ತೊಮ್ಮೆ, ಮಗದೊಮ್ಮೆ...” ಎಂದು, “ಹಾಂ, ಮರೆತೆ” ಎಂದು ಹಿಂದೆ ಸರಿದರು. ಅಡುಗೆ ಚಪ್ಪರದಲ್ಲಿ ಲಗಮಣ್ಣ ಎತ್ತಿದ ತುಪ್ಪದ ಕೊಳಗ ಕೆಳಗಿಟ್ಟ. ರಾಯರು ತೀರಿಹೋದ ಅಧ್ಯಕ್ಷರನ್ನು ನೆನೆದರು. ಅಂದು ಲೇಬರ್ ಆಫೀಸರರಿಗೆ ಮಿರ್ಚಿಭಜಿ ಕರಿದುಕೊಟ್ಟವನನ್ನು ನೆನೆದರು. ಕಾರ್ಖಾನೆಗಾಗಿ ಗುಡ್ಡ ಬಿಟ್ಟುಕೊಟ್ಟ ಓತಿಕ್ಯಾತಗಳಿಗೆ ವಂದಿಸಿದರು. “ಮತ್ತೊಮ್ಮೆ, ಮಗದೊಮ್ಮೆ...” ಕೊಳಗ ಮೇಲಕ್ಕೆ. “ಹಾಂ, ಮರೆತೆ.” ಕೊಳಗ ಕೆಳಕ್ಕೆ. ಬೆನ್ನುಗಳು ಜೋಲಾಡತೊಡಗಿದವು. ಎಂ.ಡಿ. ಸಾಹೇಬರು ಗೋಡೆಗೆ ಹಣೆ ಹಚ್ಚಿದರು. ಬೆಳಗಾವಿಯ ವಿಮಾನ ಅವರನ್ನು ಬಿಟ್ಟು ಪೆಂಡಾಲದ ಮೇಲಿಂದಲೇ ಹಾರಿ ಹೋಯಿತೆಂದು ಹೇಳುವವರಿದ್ದಾರೆ.

ಆಗ ಕೊನೆಯ ಸಾಲಿನಲ್ಲಿ ಒಂದು ಬೆನ್ನು ತಿರುಗಿತು.

ಲೀಲಾಬಾಯಿ. ಸೊಂಟಕ್ಕೆ ಸೆರಗು ಸಿಕ್ಕಿಸಿ, ಎರಡೂ ಕೈ ನಡುವಿಗೆ ಇಟ್ಟು, ಅಷ್ಟು ದೂರದಿಂದ ಗಂಡನ ಮುಖವನ್ನೇ ನೋಡಿದರು. ಸಾವಿರ ಬೆನ್ನುಗಳ ನಡುವೆ ಆ ಒಂದೇ ಮುಖ ಕಂಡು ರಾಯರ ಉಸಿರು ಎಡವಿತು. ಕಟ್ಟಿಹಿಡಿದ ವಾಕ್ಯ ತಾನಾಗಿಯೇ ಬಾಯಿಂದ ಜಾರಿತು: “ಧನ್ಯವಾದಗಳನ್ನು ಹೇಳಿ ನನ್ನ ಎರಡು ಮಾತು ಮುಗಿಸುತ್ತೇನೆ.”

ಗೋದಾಮಿನ ಹಿಂದೆ ತುಪ್ಪ ಸುರಿದ ಸದ್ದಾಯಿತು. ಆಮೇಲೆ ಆದದ್ದನ್ನು ಓಟ ಎನ್ನಲಾಗದು. ಸಕ್ಕರೆ ರೋಗದ ಎಂ.ಡಿ. ಸಾಹೇಬರು ಎಲ್ಲರಿಗಿಂತ ಮುಂದೆ ಹೋಗಿ ಪಂಕ್ತಿಯಲ್ಲಿ ಕರ್ಚೀಫು ಹಾಸಿ ಜಾಗ ಹಿಡಿದರು.

ರಾಯರು ವೇದಿಕೆಯಿಂದ ಇಳಿದಾಗ ಲೀಲಾಬಾಯಿ ಒಬ್ಬರೇ ನಿಂತಿದ್ದರು.

“ಹ್ಯಾಂಗಾತು?” ಎಂದರು ರಾಯರು.

“ನನಗೇನು ಗೊತ್ತು? ಬೆನ್ನಿಗೆ ಕಿವಿ ಇರ್ತಾವೇನು? ನಡೀರಿ, ಹಸಿವ್ಯಾಗೇದ.”

ಇಬ್ಬರೂ ಕೊನೆಯ ಪಂಕ್ತಿಯಲ್ಲಿ ಕುಳಿತರು. ರಾಯರು ಮೊದಲ ತುತ್ತು ಎತ್ತುವಷ್ಟರಲ್ಲಿ ಅಜಿತ ಬಂದು, ಮೊಬೈಲು ಅವರ ಬಾಯಿಯ ಹತ್ತಿರ ಹಿಡಿದು ಬಗ್ಗಿ ನಿಂತ.

“ಸರ್, ಆ ಕಡೀ ಮಾತು ಒಂದ ಇದರಾಗ ಹೇಳಿಬಿಡ್ರಿ. ರೆಕಾರ್ಡ್ ಮಾಡ್ಕೊಂತೇನಿ. ಬರೂ ವರ್ಷ ನೀವು ಇರಂಗಿಲ್ಲ. ಭೋಂಗಾಕ್ಕ ಹಚ್ಚಿದ್ರ ಲಗಮಣ್ಣ ಕೇಳ್ತೇನಿ ಅಂದಾನ. ಎಂ.ಡಿ. ಸಾಹೇಬರ ಹುಕುಂ ಐತ್ರಿ. ಒಂದ ಮಾತು, ಅಷ್ಟ.”

ರಾಯರು ಬೆರಳುಗಳಿಂದ ಹುಗ್ಗಿಯನ್ನು ಕಲಸಿದರು. ತುತ್ತನ್ನು ಬಾಯಿಗಿಟ್ಟು ನಿಧಾನವಾಗಿ ಅಗಿದರು.

“ಬಾಯಾಗ ತುತ್ತು ಅದ,” ಎಂದರು. “ಉಂಡ ಮ್ಯಾಲ ನೋಡೂಣಂತ.”

“ಆತ್ರಿ ಸರ್. ನಿಂದರ್ತೇನಿ.”

“ನಿಂತು ಏನ ಮಾಡ್ತಿ? ಒಂದೀಟು ತುಪ್ಪಾ ಹಾಕಸು. ಬದನೀಕಾಯಿ ಪಲ್ಯಾ ತಗೊಂಬಾ. ಲೀಲಾಗ ಕೇಳು, ಆಕಿಗೇನರ ಬೇಕೇನು.”

“ನನಗ ಕೆನಿಮಸರು ಬೇಕಾಗಿತ್ತು,” ಎಂದರು ಲೀಲಾಬಾಯಿ.

ಅಜಿತ ತುಪ್ಪ ತಂದ, ಪಲ್ಯ ತಂದ, ಕೆನೆಮೊಸರಿಗೆ ಎ ಟೈಪಿನ ಮನೆಗಳ ತನಕ ಓಡಿದ. ಪಂಕ್ತಿಯ ಜನ ಎದ್ದರು, ಎಲೆ ಎತ್ತಿದರು, ಪೆಂಡಾಲದವನು ಗೂಟ ಕೀಳತೊಡಗಿದ. ರಾಯರು ಮತ್ತೆ ಹುಗ್ಗಿ ಹಾಕಿಸಿಕೊಂಡು, ಒಂದೊಂದೇ ಗೋಧಿಯ ಕಾಳನ್ನು ಬೆರಳಲ್ಲಿ ಹಿಡಿದು ನೋಡಿ ನೋಡಿ ತಿನ್ನುತ್ತಿದ್ದರು. ಅಜಿತ ಮೊಬೈಲು ಹಿಡಿದು ನಿಂತೇ ಇದ್ದ. ಅವನ ಬಿಳಿ ಅಂಗಿಯ ಮೇಲೆ, ಆ ಹಂಗಾಮಿನ ಮೊದಲ ಬೂದಿ ಇಳಿಯತೊಡಗಿತ್ತು.